ಟ್ರೋತ್: ಮೂರನೆಯ ಅರ್ಥ

"ಬಿಡಿ, ಹರಿದುಹೋಗುತ್ತೆ," ಎಂದು ಅವನು ಚೀಟಿಯ ಒಂದು ತುದಿ ಎಳೆದ. ಅವಳು ಇನ್ನೊಂದು ತುದಿ ಬಿಡಲಿಲ್ಲ.

"ಇದು ನಿಮ್ಮ ಅಕ್ಷರ ತಾನೇ?"

ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಲ್ಲಿ ಅವನು ಪದಗಳಿಗೆ ಅರ್ಥ ಬರೆಯುವವನು, ಅವಳು ಉದಾಹರಣೆಗಳನ್ನು ಪರಿಶೀಲಿಸುವವಳು. ಮೇಜುಗಳು ಎದುರುಬದುರು. ಆದರೂ ಎರಡು ವರ್ಷದಿಂದ ಅವನು ಅವಳೊಡನೆ ಮಾತು ಬಿಟ್ಟಿದ್ದ. ಏಕೆಂದು ಅವಳಿಗೆ ತಿಳಿದಿರಲಿಲ್ಲ... ಈ ಬೆಳಿಗ್ಗೆ ತಿರಸ್ಕೃತ ಚೀಟಿಗಳ ಡಬ್ಬಿ ಖಾಲಿ ಮಾಡುವವರೆಗೆ.

ಚೀಟಿಯ ಮೇಲ್ತುದಿಯಲ್ಲಿ 'ಟ್ರೋತ್'. ಇಂಗ್ಲಿಷಿನವರೇ ಬಳಸಿ ಬಿಟ್ಟ ಹಳೆಯ ಪದ. ಅವರ 'ಟ್ರೂತ್' ಹುಟ್ಟಿದ ಬೇರಿನಲ್ಲೇ ಹುಟ್ಟಿದ್ದು. ಒಂದನೆಯ ಅರ್ಥ, ನಿಷ್ಠೆ. ಎರಡನೆಯದು, ಸತ್ಯ. ಮೂರನೆಯದು, ಮದುವೆಯಾಗುತ್ತೇನೆಂದು ಕೊಟ್ಟ ಮಾತು.

ಅದಕ್ಕೊಂದು ಉದಾಹರಣೆ: 'ಎದುರು ಮೇಜಿನವಳಿಗೆ ಮನಸ್ಸಲ್ಲೇ ಮಾತು ಕೊಟ್ಟಿದ್ದೇನೆ. ಒಪ್ಪಿಗೆಯಿದ್ದರೆ ತಿಳಿಸಲಿ.'

ಕೆಳಗೆ, ಪುಸ್ತಕದ ಹೆಸರಿರಬೇಕಾದ ಕೊನೆಯ ಸಾಲು ಖಾಲಿ. ಅದರ ಮೇಲೆ ಅವಳದೇ ಕೆಂಪು ಶಾಯಿ: 'ಆಕರವಿಲ್ಲ. ತಿರಸ್ಕೃತ.'

"ನಾನಿದನ್ನ ಓದೇ ಇರ್ಲಿಲ್ಲ ರೀ. ದಿನಕ್ಕೆ ಇನ್ನೂರು ಚೀಟಿ. ಮೊದಲು ಕೊನೇ ಸಾಲು ನೋಡ್ತೀನಿ. ಅಲ್ಲಿ ಪುಸ್ತಕದ ಹೆಸರಿಲ್ಲ ಅಂದ್ರೆ ಮೇಲಿಂದು ಓದೋದೇ ಇಲ್ಲ. ನೀವೇ ಮಾಡಿದ ನಿಯಮ!"

"ನಾನು ಅದನ್ನೇ ಉತ್ತರ ಅಂದ್ಕೊಂಡೆ."

"ಬಾಯಿಬಿಟ್ಟು ಕೇಳ್ಬಹುದಿತ್ತಲ್ಲ."

"ಅಷ್ಟು ಧೈರ್ಯ ಇದ್ದಿದ್ರೆ ಚೀಟಿ ಯಾಕೆ ಬರೀತಿದ್ದೆ?"

ಮೂಲೆಯಿಂದ ಟೈಪಿಸ್ಟ್ ಅಕ್ಕ ಕನ್ನಡಕ ಸರಿಸಿದರು. "ಎರಡು ವರ್ಷ ಮುಖ ಊದಿಸ್ಕೊಂಡು ಕೂತವರಿಗೆ ಇವತ್ತೇನಪ್ಪಾ ಬಂತು?"

ಅವನ ಮೇಜಿನ ಮೇಲೆ, ಭಾನುವಾರದ ತನ್ನ ನಿಶ್ಚಿತಾರ್ಥಕ್ಕೆ ಎಲ್ಲರನ್ನೂ ಕರೆಯಲು ತಂದ ಕಾಗದಗಳ ಕಟ್ಟಿತ್ತು.

ಒಂದೇ ಒಂದು ಸಲ ಮೇಲಿನ ಸಾಲು ಓದಿದ್ದರೆ... ಅವಳು ಚೀಟಿಯ ತುದಿ ಬಿಟ್ಟಳು.

"ಆ ಹುಡುಗಿಗೆ ಮಾತು ಕೊಟ್ಟಾಯ್ತಾ?"

"ಕೊಟ್ಟಾಯ್ತು."

"ಅವರಿಗೆ ನೀವಂದ್ರೆ ಇಷ್ಟಾನಾ?"

ಅವನು ಕಿಟಕಿಯತ್ತ ನೋಡಿದ. "ಸ್ವೆಟರ್ ಹೆಣೆದು ಕಳಿಸಿದಾಳೆ. ತೋಳು ಸ್ವಲ್ಪ ಉದ್ದ ಆಗಿದೆ. ಬಿಚ್ಚಿ ಮತ್ತೆ ಹೆಣೀತೀನಿ ಅಂತ ಮೂರು ಸಲ ಫೋನ್ ಮಾಡಿದಾಳೆ."

ಅವಳು ಕೋಪಿಸಿಕೊಳ್ಳಲು ಯಾರಾದರೂ ಸಿಗುವರೇ ಎಂದು ಮನಸ್ಸಿನಲ್ಲೇ ಹುಡುಕಿದಳು. ಯಾರೂ ಸಿಗಲಿಲ್ಲ.

"ನನ್ನ ಮನಸ್ಸಲ್ಲೂ ನೀವೇ," ಎಂದಳು ಮೆಲ್ಲಗೆ. "ಆಗ್ಲೂ. ಈಗ್ಲೂ."

ಅವನ ಕೈ ಫೋನಿನತ್ತ ಹೋಯಿತು. "ನೀನು ಹೂಂ ಅನ್ನು ಸಾಕು. ಅಮ್ಮನಿಗೆ, ಅವಳಿಗೆ, ಎಲ್ಲರಿಗೂ ಈಗ್ಲೇ ಹೇಳ್ಬಿಡ್ತೀನಿ. ಏನು ಬೇಕಾದ್ರೂ ಬೈಸ್ಕೊತೀನಿ. ಒಂದು ಸಲ ಹೂಂ ಅನ್ನು."

ಮೊದಲ ಬಾರಿಗೆ ಅವನು ಅವಳನ್ನು ನೀನು ಎಂದಿದ್ದ. ಅದೊಂದಕ್ಕೇ ಅವಳ ಕಣ್ಣು ತುಂಬಿತು.

"ಇಲ್ಲ," ಎಂದಳು. "ಅನ್ನಲ್ಲ."