ಬೆಲ್ಫಾಂತಿಯ ಬಿಳಿ ಬೂಟು

ನಾಯಕನ ತೋಳುಪಟ್ಟಿಯನ್ನು ಲುಪ್ಚೊ ಡಿಮೊವ್ಸ್ಕಿ ತಾನಾಗಿಯೇ ಬಿಚ್ಚಿಕೊಟ್ಟ ಎಂದು ಪೆಲಿಕನ್ಸ್ ಫುಟ್‌ಬಾಲ್ ಕ್ಲಬ್ಬಿನವರು ಪತ್ರಿಕೆಗಳಿಗೆ ಹೇಳಿದರು. ಶುದ್ಧ ಸುಳ್ಳು. ಅಧ್ಯಕ್ಷರು ಅವನನ್ನು ಕಚೇರಿಗೆ ಕರೆಸಿ, ಕಾಫಿ ಕೊಟ್ಟು, "ನೋಡು ಲುಪ್ಚೊ, ಅಷ್ಟು ದೊಡ್ಡ ಆಟಗಾರ ನಮ್ಮೂರಿಗೆ ಬರ್ತಿದಾನೆ. ತೋಳಲ್ಲಿ ಪಟ್ಟಿ ಇಲ್ದೆ ಫೋಟೋ ತೆಗೆದ್ರೆ ಚೆನ್ನಾಗಿರುತ್ತಾ, ನೀನೇ ಹೇಳು" ಎಂದು ಕೇಳಿದ್ದರು. ಚೆನ್ನಾಗಿರುವುದಿಲ್ಲ ಎಂದು ಅವನೂ ಒಪ್ಪಿಕೊಂಡಿದ್ದ. ಆ ಹೊತ್ತಿಗೆ ಅವನಿಗೆ ಸಿಟ್ಟು ಕೂಡ ಬರಲಿಲ್ಲ. ಕಾಫಿ ಪೂರ್ತಿ ಕುಡಿದು ಎದ್ದು ಬಂದ.

ಸಿಟ್ಟು ಆಮೇಲೆ ನಿಧಾನವಾಗಿ ಬಂತು. ಬಂದದ್ದು ಹೋಗಲಿಲ್ಲ.

ಲುಪ್ಚೊ ಹುಟ್ಟಿ ಬೆಳೆದದ್ದು ಆಸ್ಟ್ರೇಲಿಯಾದ ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಯ ಹೊಗೆಯ ಕೆಳಗೆ. ಅಪ್ಪ ರಿಸ್ತೊ ಮ್ಯಾಸಿಡೋನಿಯಾದಿಂದ ಬಂದವನು, ಜೀವಮಾನವಿಡೀ ಕುಲುಮೆಯ ಮುಂದೆ ನಿಂತು ಬೆವರು ಸುರಿಸಿದವನು. ಮಗ ಹದಿನೇಳಕ್ಕೇ ಪೆಲಿಕನ್ಸ್ ಅಂಗಿ ತೊಟ್ಟ. ಸಿಡ್ನಿಯ ಕ್ಲಬ್ಬುಗಳು ಕರೆದಾಗಲೂ ಹೋಗಲಿಲ್ಲ. ಸೋತ ವರ್ಷಗಳಲ್ಲಿ ಪ್ರೇಕ್ಷಕರಿಗಿಂತ ಪಕ್ಕದ ಸರೋವರದ ಪೆಲಿಕನ್ ಹಕ್ಕಿಗಳೇ ಹೆಚ್ಚಿದ್ದ ಮೈದಾನದಲ್ಲಿ ಓಡಿದ. ಈಗ ಮೂವತ್ತೈದು. ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಮೊದಲು ಬಲ ಮಂಡಿಯನ್ನು ಕೇಳಿ, ಆಮೇಲೆ ಎಡ ಮಂಡಿಯನ್ನು ಕೇಳಿ ಏಳಬೇಕು.

ಅವನ ಜಾಗಕ್ಕೆ ಬಂದ ಕೊರಾಡೊ ಬೆಲ್ಫಾಂತಿಗೆ ಮೂವತ್ತೆಂಟು! ಇಟಲಿಯಲ್ಲಿ ಒಂದು ಕಾಲಕ್ಕೆ ಅವನ ಹೆಸರಿಗೆ ಊರೇ ಎದ್ದು ನಿಲ್ಲುತ್ತಿತ್ತಂತೆ. ಆ ಕಾಲ ಮುಗಿದ ಮೇಲೆ ತಾನೇ ಇಂಥವರು ಇಷ್ಟು ದೂರ ವಿಮಾನ ಹತ್ತಿ ಬರುವುದು? ಹಿಂದೆ ಒಬ್ಬ ಬಂದಿದ್ದ, ಎರಡು ತಿಂಗಳಿಗೇ ತೊಡೆ ಹಿಡಿದುಕೊಂಡು ಕೂತ, ಆಮೇಲೆ ಗಾಲ್ಫ್ ಮೈದಾನದಲ್ಲಿ ಮಾತ್ರ ಆರಾಮಾಗಿ ನಡೆದಾಡುತ್ತಿದ್ದ. ಆದರೂ ಕ್ಲಬ್ಬಿನವರಿಗೆ ಬುದ್ಧಿ ಬರಲಿಲ್ಲ.

ಮೀನಂಗಡಿಯ ಕಟ್ಟೆಯ ಮೇಲೆ ಈ ವಿಷಯಕ್ಕೆ ದಿನಾ ಜಗಳ.

"ಅಲ್ಲಿ ಸವೆದ ಟೈರು ತಂದು ಇಲ್ಲಿ ಹೊಸ ಗಾಡಿಗೆ ಹಾಕ್ತಾರಲ್ಲಪ್ಪ, ಇವರ ತಲೇಲಿ ಏನಿದೆ?" ಎಂದು ರಿಸ್ತೊ ಕರಿದ ಆಲೂಗಡ್ಡೆ ಅಗಿಯುತ್ತ ಕೇಳುತ್ತಿದ್ದ.

"ಟೈರು ಸವೆದಿರ್ಬೋದು ಮಾರಾಯ, ಆದ್ರೆ ಗಾಡಿ ನೋಡೋಕೆ ಜನ ಬರ್ತಿದಾರಲ್ಲ" ಎಂದು ಅಂಗಡಿಯವನು ಎಣ್ಣೆಯ ಬಾಣಲೆಯ ಹಿಂದಿನಿಂದ ಹೇಳುತ್ತಿದ್ದ. "ಹೋದ ವರ್ಷ ನನ್ನ ಅಂಗಡೀಲಿ ನೊಣ ಹೊಡೀತಿದ್ದೆ. ಈಗ ನೋಡು, ಮೀನು ಸಾಲ್ತಿಲ್ಲ."

"ನನ್ನ ಮಗ ಆಡ್ವಾಗ ನೀನು ನೊಣ ಹೊಡೀತಿದ್ದೆ ಅಂತ ಅವನ ಎದುರಿಗೇ ಹೇಳ್ತಿಯಲ್ಲೋ, ನಿನಗೆ ನಾಚಿಕೆ ಆಗಲ್ವಾ?"

ಲುಪ್ಚೊ ಅಪ್ಪನ ಪಕ್ಕ ಕೂತು ಮೀನು ತಿನ್ನುತ್ತಿದ್ದ. ಅವನಿಗೆ ಗೊತ್ತಿದ್ದ ಕಷ್ಟ ಬೇರೆ. ಬೆಲ್ಫಾಂತಿ ಕೆಟ್ಟ ಆಟಗಾರನಾಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಅವನು ಓಡುತ್ತಿರಲಿಲ್ಲ ನಿಜ. ಮೈದಾನದ ಮಧ್ಯೆ ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ. ಆದರೆ ಚೆಂಡು ಕಾಲಿಗೆ ಬಂದರೆ ಅದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತಿತ್ತು. ಬೆಂಚಿನ ಮೇಲೆ ಕೂತು ನೋಡುವಾಗ ಲುಪ್ಚೊನ ಕೈ ತಾನಾಗಿ ಚಪ್ಪಾಳೆ ತಟ್ಟಿಬಿಡುತ್ತಿತ್ತು, ಆಮೇಲೆ ತನ್ನ ಕೈಯ ಮೇಲೇ ಅವನಿಗೆ ಕೋಪ ಬರುತ್ತಿತ್ತು.

ಅಧ್ಯಕ್ಷರು ಮುಂದಿನ ವರ್ಷದ ಮಾತನ್ನೂ ಮುಚ್ಚಿಡಲಿಲ್ಲ. ವಯಸ್ಸಾದವರಿಗೆ ತಂಡದಲ್ಲಿ ಒಂದೇ ಜಾಗ. ಬೆಲ್ಫಾಂತಿ ಇನ್ನೊಂದು ವರ್ಷಕ್ಕೆ ಒಪ್ಪಿದರೆ ಲುಪ್ಚೊಗೆ ಹಾರ, ಭಾಷಣ, ವಿದಾಯ. ಒಪ್ಪದಿದ್ದರೆ ನೋಡೋಣ. ಲುಪ್ಚೊಗೆ ಬೇಕಾಗಿದ್ದದ್ದು ಅದೊಂದೇ, ಇನ್ನೊಂದು ವರ್ಷ. ಒಂದೇ ಒಂದು ವರ್ಷ ಆ ಅಂಗಿ ತೊಟ್ಟು, ತನ್ನ ಜಾಗದಲ್ಲಿ ನಿಂತು, ತಾನೇ ನಿರ್ಧರಿಸಿದ ದಿನ ಹೊರಗೆ ಬರಬೇಕು. ಬೇರೆ ಏನು ಕೆಲಸ ಬರುತ್ತದೆ ಅವನಿಗೆ? ಬೇರೆ ಯಾರು ಅವನು?

ದಾರಿ ತೋರಿಸಿದ್ದು ಅಪ್ಪನ ಸ್ನಾನದ ಮನೆಯ ಕಪಾಟು. ರಿಸ್ತೊಗೆ ತಲೆಯೊಳಗಿನ ಒಂದು ಗ್ರಂಥಿ ತೆಗೆದ ಮೇಲೆ ವೈದ್ಯರು ಭುಜಕ್ಕೆ ಹಚ್ಚಿಕೊಳ್ಳಲು ಗಂಡಸುತನದ ಹಾರ್ಮೋನಿನ ಜೆಲ್ ಬರೆದುಕೊಟ್ಟಿದ್ದರು. ಆಮೇಲೆ ಅದನ್ನು ಬಿಡಿಸಿ ಸೂಜಿಮದ್ದು ಶುರುಮಾಡಿದರು. ಉಳಿದ ಡಬ್ಬಗಳು ಕಪಾಟಿನಲ್ಲೇ ಕೂತಿದ್ದವು. ಒಂದು ಭಾನುವಾರ ನೋವಿನ ಮುಲಾಮು ಹುಡುಕುತ್ತಿದ್ದ ಲುಪ್ಚೊ ಆ ಡಬ್ಬದ ಮೇಲಿನ ಎಚ್ಚರಿಕೆಯನ್ನು ಓದಿದ. ಹಚ್ಚಿದ ಜಾಗವನ್ನು ಬೇರೆಯವರ ಚರ್ಮಕ್ಕೆ ತಾಗಿಸಬೇಡಿ, ಮದ್ದು ಅವರ ಮೈಗೂ ಇಳಿಯುತ್ತದೆ ಎಂದಿತ್ತು. ಆ ಹಾರ್ಮೋನಿನ ಹೆಸರು ಆಟಗಾರರಿಗೆ ನಿಷೇಧವಾದ ಮದ್ದುಗಳಲ್ಲಿ ಮೊದಲಿನದು ಎಂದು ಅವನಿಗೆ ಗೊತ್ತಿತ್ತು. ಅಡುಗೆಮನೆಯಿಂದ ಅಪ್ಪ "ಬುರೆಕ್ ಆರಿ ಹೋಗ್ತಿದೆ, ಬಾರೋ" ಎಂದು ಎರಡು ಸಲ ಕೂಗಿದ ಮೇಲೆ ಅವನು ಹೊರಗೆ ಬಂದ. ಜೆಲ್ ಪೊಟ್ಟಣಗಳ ಒಂದು ಡಬ್ಬ ಜೇಬಿನಲ್ಲಿತ್ತು.

ಬೆಲ್ಫಾಂತಿಗೆ ಒಂದು ವಿಚಿತ್ರ ಅಭ್ಯಾಸ. ಸಣ್ಣವನಿದ್ದಾಗ ಗಲ್ಲಿಯಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು, ಪಾದಕ್ಕೂ ಚೆಂಡಿಗೂ ನಡುವೆ ಬಟ್ಟೆ ಇದ್ದರೆ ಚೆಂಡಿನ ಮಾತು ಕೇಳಿಸುವುದಿಲ್ಲ ಎನ್ನುತ್ತಿದ್ದ. ಕಾಲುಚೀಲದ ಪಾದದ ಭಾಗವನ್ನು ಕತ್ತರಿಸಿ ಎಸೆದು, ಬರಿಪಾದವನ್ನೇ ಬೂಟಿಗೆ ತೂರಿಸುತ್ತಿದ್ದ. ಆ ಬೂಟೂ ಅಷ್ಟೇ. ಬಿಳಿ ಚರ್ಮದ ಒಂದೇ ಜೊತೆ. ತಾನೇ ಒರೆಸಬೇಕು, ತಾನೇ ಲೇಸು ಕಟ್ಟಬೇಕು. ತಂಡದ ಬಟ್ಟೆಬರೆ ನೋಡಿಕೊಳ್ಳುವ ಬೆವ್ ಎಂಬ ಹೆಂಗಸು ಒಂದು ಸಲ ಅದನ್ನು ತೊಳೆಯಲು ಹೋಗಿ ಬೈಸಿಕೊಂಡಿದ್ದಳು.

"ಒಳ್ಳೇದೇ ಆಯ್ತು ಬಿಡು" ಎಂದಿದ್ದಳು ಅವಳು. "ಆ ಮಹಾರಾಯನ ಬೂಟಿನ ವಾಸನೆಗೆ ಪೆಲಿಕನ್ ಕೂಡ ಹತ್ರ ಬರಲ್ಲ."

ಇದಕ್ಕಿಂತ ಇನ್ನೇನು ಬೇಕು? ಯಾರೂ ಮುಟ್ಟದ ಬೂಟು, ಬಟ್ಟೆಯ ಅಡ್ಡಿಯಿಲ್ಲದ ಪಾದ, ಹಚ್ಚಿದ ಸ್ವಲ್ಪ ಹೊತ್ತಿಗೆ ಒಣಗಿ ಕಾಣದಂತಾಗುವ ಜೆಲ್. ಬೆವರು ಬಂದಾಗ ಅದು ಮತ್ತೆ ಕರಗಿ ಚರ್ಮಕ್ಕೆ ಇಳಿಯುತ್ತದೆ. ಲುಪ್ಚೊ ಹದಿನೆಂಟು ವರ್ಷಗಳಿಂದ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರುವವನು. ಬಾಗಿಲಿನ ಕೀಲಿಯೂ ಅವನ ಹತ್ತಿರ ಇತ್ತು. ಬೆಳಗ್ಗೆ ಅವನನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ನೋಡಿದರೆ ಯಾರ ಹುಬ್ಬೂ ಏರುವುದಿಲ್ಲ. ನೋಡದಿದ್ದರೆ ತಾನೇ ಏನಾಯಿತೆಂದು ಕೇಳುವುದು!

ಬೆವ್‌ಳ ರಬ್ಬರ್ ಕೈಗವಸು ಹಾಕಿಕೊಂಡು ದಿನಾ ಬೆಳಗ್ಗೆ ಬೂಟಿನ ಒಳಗೆಲ್ಲ ಜೆಲ್ ಸವರುತ್ತ ಹೋದ. ಮುಗಿದ ಮೇಲೆ ಖಾಲಿ ಪೊಟ್ಟಣವನ್ನೂ ಗವಸನ್ನೂ ಮನೆಯ ದಾರಿಯಲ್ಲಿ ಬೇರೆ ಬೇರೆ ಕಸದ ತೊಟ್ಟಿಗೆ ಹಾಕುತ್ತಿದ್ದ. ತನ್ನ ಚರ್ಮಕ್ಕೆ ಒಂದು ಹನಿಯೂ ತಾಗದಂತೆ ನೋಡಿಕೊಳ್ಳುತ್ತಿದ್ದ, ಯಾಕೆಂದರೆ ಮದ್ದಿನ ತಪಾಸಣೆಯವರು ಬಂದು ಮೂತ್ರ ಪರೀಕ್ಷೆಗೆ ಆಟಗಾರರ ಚೀಟಿ ಎತ್ತಿದಾಗ ತನ್ನ ಹೆಸರೂ ಬಂದರೆ ಬರಲಿ ಎಂಬುದೂ ಅವನ ಲೆಕ್ಕದಲ್ಲಿತ್ತು. ಬರಬೇಕು ಕೂಡ. ಮುಪ್ಪಿನ ಪರದೇಶಿ ಮದ್ದು ತಿಂದು ಆಡಿದ, ಊರಿನವನು ಹಾಲಿನಷ್ಟು ಶುದ್ಧವಾಗಿ ಆಡಿದ ಎಂದು ಪತ್ರಿಕೆಯವರು ಅಕ್ಕಪಕ್ಕ ಬರೆಯಲಿ. ಆಮೇಲೆ ಅಧ್ಯಕ್ಷರು ಯಾರ ಹತ್ತಿರ ಓಡಿ ಬರುತ್ತಾರೆ ನೋಡೋಣ.

ಒಮ್ಮೆ ಮಾತ್ರ ಅವನ ಮನಸ್ಸು ಹಿಂದೇಟು ಹಾಕಿತು. ಅಭ್ಯಾಸ ಮುಗಿದ ಮೇಲೆ ಇಬ್ಬರೂ ಮಂಜುಗಡ್ಡೆ ನೀರಿನ ತೊಟ್ಟಿಗಳಲ್ಲಿ ಅಕ್ಕಪಕ್ಕ ಕೂತಿದ್ದರು. ಕಿರಿಯರೆಲ್ಲ ಎದ್ದು ಹೋಗಿಯಾಗಿತ್ತು. ಮುದಿ ಕಾಲುಗಳಿಗೆ ಮಂಜು ಹೆಚ್ಚು ಹೊತ್ತು ಬೇಕು.

"ಲುಪ್ಚೊ, ನಿನಗೆ ನೋವು ಎಲ್ಲಿ?" ಎಂದು ಬೆಲ್ಫಾಂತಿ ಕೇಳಿದ. ಅವನ ಇಂಗ್ಲಿಷ್ ತಡವರಿಸುತ್ತಿತ್ತು.

"ಎಲ್ಲಿ ಇಲ್ಲ ಅಂತ ಕೇಳು."

ಬೆಲ್ಫಾಂತಿ ನಕ್ಕ. ಆಮೇಲೆ ನಗು ನಿಲ್ಲಿಸಿ, "ಇಲ್ಲಿ ಎಲ್ಲರೂ ಫೋಟೋ ಕೇಳ್ತಾರೆ. ಯಾರೂ ಊಟ ಮಾಡಿದ್ಯಾ ಅಂತ ಕೇಳಲ್ಲ. ನಾನು ಇಲ್ಲಿಯವನು ಆಗ್ಲೇ ಇಲ್ಲ" ಎಂದ. "ನಿನ್ನ ನೋಡಿ ಹೊಟ್ಟೆಕಿಚ್ಚು ನನಗೆ. ನೀನು ರಸ್ತೇಲಿ ನಡೆದ್ರೆ ಮುದುಕಿಯರು ಹೆಸರು ಹಿಡಿದು ಬೈತಾರೆ. ಎಷ್ಟು ಚೆನ್ನ!"

"ಮುಂದಿನ ವರ್ಷ ಇರ್ತೀಯಾ?" ಲುಪ್ಚೊ ನೀರನ್ನೇ ನೋಡುತ್ತ ಕೇಳಿದ.

"ಸುಸ್ತಾಗಿದೆ ಕಣೋ. ಆದ್ರೆ ಬಿಟ್ಟು ಎಲ್ಲಿಗೆ ಹೋಗ್ಲಿ? ಆಟ ಬಿಟ್ರೆ ನಾನು ಯಾರು?"

ತನ್ನ ಮಾತೇ ಇನ್ನೊಬ್ಬನ ಬಾಯಲ್ಲಿ ಕೇಳಿ ಲುಪ್ಚೊ ತೊಟ್ಟಿಯಿಂದ ಎದ್ದು ಟವೆಲ್ ಎಳೆದುಕೊಂಡ. ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಪಾಪ ಎಂದುಕೊಂಡ. ಆದರೆ ಇವನಿಗೆ ಕೊಡಲು ತನ್ನ ಹತ್ತಿರ ಇದ್ದದ್ದು ಒಂದೇ ಜಾಗ, ಅದನ್ನು ಈಗಾಗಲೇ ಕಿತ್ತುಕೊಂಡಾಗಿದೆ. ಮರುದಿನ ಬೆಳಗ್ಗೆ ಮತ್ತೆ ಕೈಗವಸು ಹಾಕಿಕೊಂಡ.

ಋತುವಿನ ಕೊನೆಯ ವಾರ ಪಕ್ಕದ ವೂಲಂಗಾಂಗ್ ರೈಲು ನಿಲ್ದಾಣದ ಸಾರ್ವಜನಿಕ ಫೋನಿನಿಂದ ತಪಾಸಣೆಯವರಿಗೆ ಕರೆ ಮಾಡಿದ. ದನಿ ತಗ್ಗಿಸಿ, ಹೆಸರು ಹೇಳದೆ, ಇಟಲಿಯವನ ಮೇಲೆ ಒಂದು ಕಣ್ಣಿಡಿ ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಶನಿವಾರ ಮಧ್ಯಾಹ್ನ ಪಂದ್ಯಕ್ಕೆ ಮುಂಚೆ ಬೂಟಿಗೆ ಉಳಿದ ಜೆಲ್ಲನ್ನೆಲ್ಲ ಧಾರಾಳವಾಗಿ ಬಳಿದ. ಇನ್ನು ಉಳಿಸಿ ಏನು ಮಾಡಬೇಕು?

ಅದು ಆ ಋತುವಿನ ಕೊನೆಯ ಪಂದ್ಯ, ಬೆಲ್ಫಾಂತಿ ಇನ್ನೊಂದು ವರ್ಷಕ್ಕೆ ಹೂಂ ಎಂದಿದ್ದರಿಂದ ಕ್ಲಬ್ಬಿನವರು ಅದನ್ನು ಲುಪ್ಚೊನ ವಿದಾಯವೆಂದು ಡಂಗುರ ಹೊಡೆದಿದ್ದರು. ಮೈದಾನ ತುಂಬಿತ್ತು. ಎಲ್ಲೆಲ್ಲೂ ಸಾಸೇಜ್ ಸುಡುವ ವಾಸನೆ. ಕೊನೆಯ ಹೊತ್ತಿಗೆ ತರಬೇತುದಾರ ಅವನನ್ನು ಒಳಗೆ ಬಿಟ್ಟ. ಬೆಲ್ಫಾಂತಿ ಓಡಿ ಬಂದು, ಹೌದು ಓಡಿ ಬಂದು, ತೋಳುಪಟ್ಟಿ ಬಿಚ್ಚಿ ಲುಪ್ಚೊನ ತೋಳಿಗೆ ಕಟ್ಟಿದ. ಆಮೇಲೆ ಎಲ್ಲೋ ನಿಂತಲ್ಲಿಂದಲೇ ಚೆಂಡನ್ನು ಎತ್ತಿ ಲುಪ್ಚೊನ ಕಾಲಿನ ಮುಂದೆ ತಂದು ಬೀಳಿಸಿದ. ಲುಪ್ಚೊ ಹೊಡೆದ. ಬಲೆ ಅಲುಗಿತು. ಪೆಲಿಕನ್ಸ್ ಗೆದ್ದಿತು. ರಿಸ್ತೊ ಮೊದಲ ಸಾಲಿನಲ್ಲಿ ಟೋಪಿ ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದ.

ಸೀಟಿ ಊದಿದ ಕೂಡಲೇ ತಪಾಸಣೆಯ ನೀಲಿ ಕೋಟಿನ ಇಬ್ಬರು ಮೈದಾನಕ್ಕೆ ಬಂದರು. ಒಬ್ಬ ಬೆಲ್ಫಾಂತಿಯ ಪಕ್ಕ ನಿಂತ, ಇನ್ನೊಬ್ಬ ಲುಪ್ಚೊನ ಪಕ್ಕ.

"ಲುಪ್ಚೊ ಅವರೇ, ಚೀಟಿಯಲ್ಲಿ ನಿಮ್ಮ ಹೆಸರೂ ಬಂದಿದೆ. ಮೂತ್ರ ಕೊಡೋವರೆಗೂ ನಿಮ್ಮ ಬೆನ್ನು ಬಿಡೋ ಹಾಗಿಲ್ಲ, ಬೇಜಾರು ಮಾಡ್ಕೋಬೇಡಿ. ಸಂಭ್ರಮ ಮುಗಿಸಿಕೊಂಡೇ ಹೋಗೋಣ."

"ಬೇಜಾರು ಯಾಕೆ ಸ್ವಾಮಿ" ಎಂದ ಲುಪ್ಚೊ. ಎಷ್ಟೋ ತಿಂಗಳ ಮೇಲೆ ಅವನ ಮಂಡಿಗಳು ನೋಯುತ್ತಿರಲಿಲ್ಲ. ಎಲ್ಲವೂ ತಾನು ಅಂದುಕೊಂಡ ಹಾಗೆಯೇ ನಡೆದಿತ್ತು.

ಆಗ ಬೆಲ್ಫಾಂತಿ ಹುಲ್ಲಿನ ಮೇಲೆ ಕೂತು ಬಲಗಾಲಿನ ಬೂಟು ಕಳಚಿದ. ಯಾರೋ ಪ್ರೇಕ್ಷಕ ಬಿಯರ್ ಡಬ್ಬಿ ಎಸೆದ, ಅವನು ಅದನ್ನು ಹಿಡಿದು ಒಡೆದು ಬೂಟಿನೊಳಗೆ ತುಂಬ ಸುರಿದ. "ಬೆವ್ ಹೇಳಿಕೊಟ್ಳು, ಗೆದ್ದವನು ಬೂಟಲ್ಲೇ ಕುಡೀಬೇಕಂತೆ, ನಿಮ್ಮ ದೇಶದ ಪದ್ಧತಿ! ಇವತ್ತು ನನ್ನ ಬೂಟು, ನನ್ನ ನಾಯಕನಿಗೆ" ಎಂದು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅವನ ಕಣ್ಣು ತುಂಬಿತ್ತು. ಸುತ್ತಲ ಜನ ಎದ್ದು ನಿಂತು "ಷೂಯಿ! ಷೂಯಿ!" ಎಂದು ಕೂಗತೊಡಗಿದರು. ಅಯ್ಯೋ, ಎಷ್ಟು ಗೆಲುವುಗಳಲ್ಲಿ ಲುಪ್ಚೊ ತಾನೇ ಹೀಗೆ ಬೂಟು ಎತ್ತಿ ಕುಡಿದು ಜನರನ್ನು ಕುಣಿಸಿದ್ದನಲ್ಲ, ಈ ಊರಿನಲ್ಲೇ ಹುಟ್ಟಿದವನಿಗೆ ಇದೊಂದು ಹೇಗೆ ತಲೆಗೆ ಹೊಳೆಯಲಿಲ್ಲ! ಬೇಡ ಎಂದರೆ ಯಾಕೆ ಬೇಡ ಎಂದು ಪಕ್ಕದಲ್ಲೇ ನಿಂತವನು ಕೇಳುತ್ತಾನೆ. ಕುಡಿದರೆ ಬಿಯರಿನ ಜೊತೆ ಜೆಲ್ ತನ್ನ ಹೊಟ್ಟೆಗೂ ಇಳಿದು ಇಬ್ಬರ ಮೂತ್ರದಲ್ಲೂ ಒಂದೇ ಮದ್ದು, ಮತ್ತು ಆ ಮದ್ದನ್ನು ವೈದ್ಯರು ಬರೆದುಕೊಟ್ಟದ್ದು ಇಬ್ಬರಲ್ಲಿ ಒಬ್ಬನ ಅಪ್ಪನಿಗೆ ಮಾತ್ರ. ಮೊದಲ ಸಾಲಿನಿಂದ ರಿಸ್ತೊ ಟೋಪಿ ಬೀಸುತ್ತ "ಕುಡಿಯೋ ಮಗನೇ, ಒಂದು ಹನೀನೂ ಬಿಡ್ಬೇಡ!" ಎಂದು ಗಂಟಲು ಹರಿಯುವಂತೆ ಕೂಗಿದ. ಲುಪ್ಚೊ ಬೂಟು ತೆಗೆದುಕೊಂಡು ಬಾಯಿಗೆ ಎತ್ತಿದ. ನೀಲಿ ಕೋಟಿನವನು ನಗುತ್ತ, "ಕುಡೀರಿ ಕುಡೀರಿ, ಆದ್ರೆ ನಿಮ್ಮ ಹೊಟ್ಟೆಗೆ ಏನು ಹೋದ್ರೂ ಅದಕ್ಕೆ ನೀವೇ ಹೊಣೆ, ಆಮೇಲೆ ನನ್ನ ಕೇಳಬೇಡಿ" ಎಂದ.