ಸುತ್ತಿಗೊಂದು ಬಾಟಲಿ

ಎಂಟು ಗಂಟೆ ಓಡಿದವರ ತೂಕ ಇಳಿಯಬೇಕು. ಶಿವಗಂಗಾಳ ತೂಕ ಒಂದೂವರೆ ಕೆಜಿ ಏರಿತ್ತು.

ತೂಕದ ಯಂತ್ರದ ಪಕ್ಕದಲ್ಲಿದ್ದ ಮನುವಿಗೆ ಅದನ್ನು ಕಂಡು ಖುಷಿಯೇ ಆಯಿತು, ಪಾಪ. ಎಪ್ಪತ್ತು ಕಿಲೋಮೀಟರ್ ಓಡಿಯೂ ಹುಡುಗಿ ಸೊರಗಿಲ್ಲ, ಎಲ್ಲ ತನ್ನ ಆರೈಕೆ ಎಂದು ಒಳಗೊಳಗೇ ಬೀಗಿದ. ಅವಳು ಯಂತ್ರದಿಂದ ಇಳಿದವಳೇ ಅವನ ಕೈಯಿಂದ ಬಾಟಲಿ ಕಿತ್ತುಕೊಂಡು ಕುಡಿದು, ಖಾಲಿಯಾದದ್ದನ್ನು ಅವನತ್ತ ಎಸೆದು ಓಡಿದಳು. ಎಸೆಯುವಾಗ ಅವಳ ಕಣ್ಣಂಚಿನಲ್ಲಿ ನಗು ಇತ್ತೋ ಇಲ್ಲವೋ ಎಂದು ಅವನು ಆಮೇಲೂ ಯೋಚಿಸುತ್ತಿದ್ದ.

ಜಿಗಣಿಯ ಹೊರಗಿನ ಕೆರೆ, ಅದರ ಸುತ್ತ ಎರಡು ಕಿಲೋಮೀಟರ್ ಹಾದಿ. ಬೆಳಗಿನ ಐದರಿಂದ ಸಂಜೆ ಐದರವರೆಗೆ ಯಾರು ಎಷ್ಟು ದೂರ ಓಡುತ್ತಾರೋ ಅಷ್ಟು. ನೂರು ಕಿಲೋಮೀಟರ್, ಅಂದರೆ ಐವತ್ತು ಸುತ್ತು ಮುಗಿಸಿದ ಹೆಂಗಸರಿಗೆ ರಾಷ್ಟ್ರೀಯ ತಂಡದ ಆಯ್ಕೆ ಶಿಬಿರಕ್ಕೆ ಕರೆ ಬರುತ್ತದೆ. ಯಾದಗಿರಿ ಕಡೆಯಿಂದ ಬಂದು ಇಲ್ಲಿನ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಶಿವಗಂಗಾ ಎರಡು ವರ್ಷದಿಂದ ಶಿಫ್ಟಿಗೆ ಮುಂಚೆ ಎದ್ದು ಓಡಿದ್ದು ಆ ಒಂದು ಕರೆಗಾಗಿ. ಈಗ ಮಧ್ಯಾಹ್ನ ಒಂದು ಗಂಟೆ, ಮೂವತ್ತೈದು ಸುತ್ತು ಮುಗಿದಿತ್ತು. ಇದೇ ವೇಗದಲ್ಲಿ ಹೋದರೆ ಅರ್ಧ ಗಂಟೆ ಉಳಿದೇ ಉಳಿಯುತ್ತಿತ್ತು.

ಮನು ಅವಳ ಕ್ರ್ಯೂ. ಅಂದರೆ ಬಾಟಲಿ ತುಂಬಿಸುವ, ಸಾಕ್ಸ್ ಎತ್ತಿಕೊಡುವ, ಬೈಸಿಕೊಳ್ಳುವ ಮನುಷ್ಯ. ಊರಿನ ಹಳೇ ಮನೆತನದವನು. ಹೊಲವೆಲ್ಲ ಫ್ಯಾಕ್ಟರಿಗಳಿಗೆ ಹೋದ ಮೇಲೆ ಅಪ್ಪ ಹನುಮಂತರಾಯಪ್ಪ ಬಾಡಿಗೆ ರೂಮು ಕಟ್ಟಿಸಿದರೆ, ಮಗ ಫಿಲ್ಟರ್ ನೀರಿನ ಪ್ಲಾಂಟ್ ಹಾಕಿದ. ಟೆಂಪೋ ತುಂಬ ಕ್ಯಾನ್ ಹೇರಿಕೊಂಡು ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಹೋಗುವುದು ಅವನ ಕೆಲಸ. ಆ ದಾರಿಯಲ್ಲೇ ಶಿವಗಂಗಾ ಕಣ್ಣಿಗೆ ಬಿದ್ದಿದ್ದಳು.

ಓಟಕ್ಕೆ ಮುಂಚೆ ಅವಳು ಅವನಿಂದ ಮಾತು ತೆಗೆದುಕೊಂಡಿದ್ದಳು. ಹೋದ ವರ್ಷ ಎಪ್ಪತ್ತೈದು ಕಿಲೋಮೀಟರ್ ಓಟದಲ್ಲಿ ರೂಮಿನ ಗೆಳತಿ ಮಲಕವ್ವ ಇವಳ ಅಳು ನೋಡಲಾರದೆ ಅರವತ್ತೆಂಟಕ್ಕೇ ಹಿಡಿದು ಕೂರಿಸಿದ್ದಳು. ಆ ನೋವು ಇನ್ನೂ ಆರಿರಲಿಲ್ಲ.

"ನಾ ಅತ್ರೂ ನಿಲ್ಲಸಬ್ಯಾಡ್ರಿ, ಕಾಲು ಹಿಡ್ಕೊಂಡ್ರೂ ನಿಲ್ಲಸಬ್ಯಾಡ್ರಿ. ನಿಲ್ಲಿಸಿದ್ರ ಮತ್ತ ನಿಮ್ಮ ಮಾರಿ ನೋಡಂಗಿಲ್ಲ," ಎಂದಿದ್ದಳು.

"ನಿಲ್ಸಲ್ಲ ಕಣ್ರೀ," ಎಂದಿದ್ದ ಮನು. ಮುಖ ನೋಡುವುದಿಲ್ಲ ಎಂದಳಲ್ಲ, ಇಷ್ಟು ದಿನ ನೋಡುತ್ತಿದ್ದಳು ಎಂದಾಯಿತು ಎಂದು ಆ ರಾತ್ರಿ ಅವನಿಗೆ ನಿದ್ದೆ ಹತ್ತಿರಲಿಲ್ಲ.

ತೂಕದ ಹಾಳೆ ಓಟದ ಡಾಕ್ಟರ್ ವೇಣಿಯವರ ಕೈಗೆ ಹೋಯಿತು. ಅವರು ಎರಡು ಸಲ ಓದಿದರು.

"ಇವರು ಏನ್ ಕುಡಿದಿದ್ದಾರೆ?"

"ನೀರು ಮೇಡಂ. ನಮ್ದೇ ಪ್ಲಾಂಟ್ ನೀರು. ಸುತ್ತಿಗೊಂದು ಸಣ್ಣ ಬಾಟ್ಲಿ."

"ಉಪ್ಪು?"

"ಉಪ್ಪು ಹಾಕಿದ್ರೆ ಬಾಯಾರತ್ತಲ್ವಾ ಅಂತ ನಾನೇ ಬಿಟ್ಟೆ."

"ತಲೆನೋವು ಅಂದ್ರಾ?"

"ಎರಡು ಸುತ್ತಿಂದ ಅಂತಿದ್ರು."

"ಅದಕ್ಕೇನು ಕೊಟ್ರಿ?"

ಮನು ಕೈಯಲ್ಲಿದ್ದ ಖಾಲಿ ಬಾಟಲಿ ನೋಡಿದ. "ನೀರು," ಎಂದ.

ವೇಣಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಬೆವರಲ್ಲಿ ಉಪ್ಪೆಲ್ಲ ಹೋಗಿದೆ, ಒಳಗೆ ಬರೀ ನೀರು ನಿಂತಿದೆ. ಹೀಗೇ ಕುಡೀತಾ ಓಡಿದ್ರೆ ಮಿದುಳು ಊದ್ಕೊಳತ್ತೆ, ಫಿಟ್ಸ್ ಬರತ್ತೆ. ಜೀವಕ್ಕೇ ಅಪಾಯ. ನಾನು ಎದೆ ಮೇಲಿನ ನಂಬರ್ ಕಿತ್ತುಕೊಂಡ್ರೆ ಅವರು ಓಟದಿಂದಲೇ ಹೊರಗೆ. ತಾವಾಗಿ ಬಂದು ಕೂತರೆ, ನೀರು ಇಳಿದ ಮೇಲೆ ಮತ್ತೆ ಬಿಡ್ತೀನಿ. ಹೋಗಿ ಕರ್ಕೊಂಡ್ ಬನ್ನಿ, ನಾನೂ ಹಿಂದೆ ಬರ್ತೀನಿ."

ಮನು ಎದುರು ದಿಕ್ಕಿನಲ್ಲಿ ಓಡಿದ. ಹುಟ್ಟಿದಾಗಿನಿಂದ ಬಸ್ಸಿಗೂ ಓಡದವನು, ಕಾಲಲ್ಲಿ ಹವಾಯಿ ಚಪ್ಪಲಿ. ಒಂದು ಕಿತ್ತುಹೋಯಿತು, ಇನ್ನೊಂದನ್ನು ತಾನೇ ಬಿಟ್ಟ. ಕೆರೆಯಾಚೆ ಎಲ್ಲಿಯಾದರೂ ಅವಳು ಈಗಾಗಲೇ ಬಿದ್ದಿದ್ದರೆ ಎಂಬ ಒಂದೇ ಯೋಚನೆ ತಲೆಯಲ್ಲಿ ತಿರುಗುತ್ತಿತ್ತು.

ಕೆರೆ ಏರಿಯ ತಿರುವಿನಲ್ಲಿ ಅವಳು ಕಂಡಳು. ಹೆಜ್ಜೆ ಸರಿಯಾಗಿಯೇ ಬೀಳುತ್ತಿತ್ತು. ಹತ್ತಿರ ಬಂದಾಗ ನೋಡಿದ: ಬೆಳಿಗ್ಗೆ ಮೊಣಕೈವರೆಗೆ ಜಾರುತ್ತಿದ್ದ ಬಳೆಗಳು ಈಗ ಮಣಿಕಟ್ಟಿಗೆ ಕಚ್ಚಿಕೊಂಡಿದ್ದವು. ಇಷ್ಟು ಹೊತ್ತೂ ಅವಳ ಕಣ್ಣನ್ನೇ ನೋಡಿಕೊಂಡಿದ್ದ ಪೆದ್ದ, ಕೈಯನ್ನು ನೋಡಿರಲಿಲ್ಲ.

"ಬಾಟ್ಲಿ ತಂದೀರೇನು?"

"ಇಲ್ಲ. ನಿಲ್ರಿ ಗಂಗಾ."

"ದಾರಿ ಬಿಡ್ರಿ."

ಅವನು ಬಿಡಲಿಲ್ಲ. ಅವಳು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ ಸರಿದ. ಅವಳ ಮುಖ ಕೆಂಪಗಾಯಿತು.

"ಮಾತು ಕೊಟ್ಟಿದ್ರಿ. ನೀವೂ ಎಲ್ಲಾರಂಗೇ ಆದ್ರಿ. ಈಕಿ ಕೈಲಿ ಆಗಂಗಿಲ್ಲ ಅಂತ ನಿಮಗೂ ಅನಿಸ್ತು, ಹೌದಿಲ್ಲೋ?"

"ನಿಮ್ ಕೈಲಿ ಆಗತ್ತೆ. ಕೆಡಿಸಿದ್ದು ನಾನು," ಎಂದ ಮನು, ಏದುಸಿರಿನಲ್ಲಿ. "ಮೂರು ಸುತ್ತಿಗೊಂದು ಸಲ ಉಪ್ಪು ನಿಂಬೆಹಣ್ಣಿನ ನೀರು ಕೊಡಿ ಅಂದಿದ್ರಿ. ನಾನು ಸುತ್ತಿಗೊಂದು ಬಾಟ್ಲಿ ಬರೀ ನೀರು ಕೊಟ್ಟೆ. ಅದು ಮೈಯೊಳಗೆ ನಿಂತುಬಿಟ್ಟಿದೆ. ಇನ್ನು ಹಿಂಗೇ ಓಡಿದ್ರೆ ಫಿಟ್ಸ್ ಬರತ್ತಂತೆ."

ಅವಳು ನಿಂತಳು. "ಕೊಟ್ಟಾಗೆಲ್ಲ ಕುಡದೆ ನಾ. ನಿಮಗ ಗೊತ್ತಿರತದ ಅಂದ್ಕೊಂಡು." ಆಮೇಲೆ ಕೇಳಿದಳು, "ಯಾಕ ಹಂಗ ಮಾಡಿದ್ರಿ?"

ಈ ಪ್ರಶ್ನೆಗೆ ಎರಡು ವರ್ಷದಿಂದ ಅವನ ಬಳಿ ಉತ್ತರವಿತ್ತು. ಇಂಥ ಹೊತ್ತಿನಲ್ಲಿ, ಬರಿಗಾಲಲ್ಲಿ, ತಪ್ಪೊಪ್ಪಿಕೊಳ್ಳುತ್ತಾ ಹೇಳಬೇಕಾಗುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

"ನಿಮ್ ಹೊಲಿಗೆ ಲೈನಿನ ಕ್ಯಾನು ದಿನಾ ತುಂಬಿದ್ದಂಗೇ ವಾಪಸ್ ಬರ್ತಿತ್ತು. ಯಾಕೆ ಅಂತ ಕೇಳ್ದೆ. ಟಾಯ್ಲೆಟ್‌ಗೆ ಹೋಗೋಕೆ ಟೋಕನ್ ಬೇಕು, ಅದಕ್ಕೇ ಹೆಣ್ಮಕ್ಕಳು ನೀರೇ ಕುಡಿಯಲ್ಲ ಅಂದ್ರು. ನೀರು ಮಾರೋನು ನಾನು, ನಂಗೆ ಅವತ್ತು ಊಟ ಸೇರ್ಲಿಲ್ಲ. ಒಂದಿನ ಆದ್ರೂ ನಿಮಗೆ ಸಾಕು ಅನ್ನೋವಷ್ಟು ಕುಡಿಸ್ಬೇಕು ಅಂತಿತ್ತು. ನೀವಂದ್ರೆ ನಂಗೆ ಜೀವ ಗಂಗಾ. ಆ ಜೀವಾನೇ ಕಳೀತಿದ್ದೆ."

ಅವಳು ಮಣಿಕಟ್ಟಿನ ಬಳೆ ತಿರುಗಿಸಲು ನೋಡಿದಳು, ತಿರುಗಲಿಲ್ಲ. ಅಷ್ಟರಲ್ಲಿ ವೇಣಿ ಬಂದರು. ಮೂವರೂ ನಡೆದುಕೊಂಡು ಟೇಬಲ್ಲಿಗೆ ಬಂದರು. ಮೂವತ್ತಾರನೆಯ ಸುತ್ತು ಮುಗಿಯಿತು, ಶಿವಗಂಗಾ ಕುರ್ಚಿಯಲ್ಲಿ ಕೂತಳು.

ಆಮೇಲಿನ ಒಂದು ಗಂಟೆ ಮನು ಕಂಡ ಅತಿ ಉದ್ದದ ಗಂಟೆ. ವೇಣಿ ಅವಳಿಗೆ ಗುಟುಕು ಗುಟುಕಾಗಿ ಉಪ್ಪು ಗಟ್ಟಿಯಾಗಿ ಹಾಕಿದ ಸಾರು ಕುಡಿಸಿದರು, ನೀರು ಮುಟ್ಟಗೊಡಲಿಲ್ಲ. ಇನ್ನು ಅವಳು ಟಾಯ್ಲೆಟ್ಟಿಗೆ ಹೋಗಿಬರಬೇಕು, ಅಷ್ಟೇ. ಪ್ರೇಮಿಗಳು ಹುಣ್ಣಿಮೆಗೋ ಮಳೆಗೋ ಕಾಯುವುದುಂಟು. ನಮ್ಮ ಮನು ಇದಕ್ಕೆ ಕಾದ. ಮೂರು ಸಲ ಹೋಗಿಬಂದಳು. ತಲೆನೋವು ಬಿಟ್ಟಿತು, ಬಳೆ ಸಡಿಲವಾಯಿತು, ತೂಕ ಬೆಳಗಿನ ಹತ್ತಿರಕ್ಕೆ ಇಳಿಯಿತು. ಅಷ್ಟರಲ್ಲಿ ಎರಡೂ ಮುಕ್ಕಾಲಾಗಿತ್ತು. ಇನ್ನು ನೂರು ಮುಟ್ಟುವುದು ಯಾರ ಕೈಯಲ್ಲೂ ಆಗದ ಮಾತು ಎಂದು ಮೂವರಿಗೂ ಗೊತ್ತಿತ್ತು.

"ಮೆಲ್ಲಗೆ ಹೋಗಬಹುದು. ತಲೆ ಭಾರ ಅನ್ನಿಸಿದ್ರೆ ಅಲ್ಲೇ ನಿಲ್ಲಬೇಕು," ಎಂದರು ವೇಣಿ.

ಶಿವಗಂಗಾ ಲೇಸ್ ಬಿಗಿದುಕೊಂಡು ಎದ್ದಳು. ಮನುವಿನ ಕಡೆ ನೋಡಲಿಲ್ಲ.

ಸುತ್ತು ಮುಗಿಸಿ ಬಂದಾಗಲೂ ನೋಡಲಿಲ್ಲ. ಮುಂದಿನ ಸುತ್ತಿಗೆ ಕೈ ಚಾಚಿದಳು. ಅವನು ಉಪ್ಪು ನಿಂಬೆಹಣ್ಣಿನ ನೀರು ಕೊಟ್ಟ, ಎರಡೇ ಗುಟುಕು ಕುಡಿದು ಲೋಟ ಟೇಬಲ್ ಮೇಲಿಟ್ಟಳು, ಅವನ ಕೈಗೆ ಕೊಡಲಿಲ್ಲ. ಹೀಗೆ ಎಂಟು ಸುತ್ತಾಯಿತು. ಬೈದರೂ ಸಾಕಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು.

ಐದಕ್ಕೆ ಹಾರ್ನ್ ಕೂಗಿತು. ಹಾರ್ನ್ ಕೂಗಿದಾಗ ಎಲ್ಲಿದ್ದೀರೋ ಅಲ್ಲೇ ನಿಲ್ಲಬೇಕು. ಅಳೆಯುವವರು ಚಕ್ರ ಉರುಳಿಸಿಕೊಂಡು ಬಂದು ಕೊನೆಯ ಸುತ್ತಿನ ಮೀಟರುಗಳನ್ನು ಬರೆದುಕೊಳ್ಳುವವರೆಗೂ ಕದಲುವಂತಿಲ್ಲ. ಶಿವಗಂಗಾ ಏರಿಯ ಮೇಲೆ ಒಬ್ಬಳೇ ನಿಂತಿದ್ದಳು. ಮನು ಅಲ್ಲಿಗೆ ಹೋಗಿ ನಾಲ್ಕು ಹೆಜ್ಜೆ ದೂರ ನಿಂತ.

"ಎಂಬತ್ತೆಂಟು ಆಯ್ತು," ಎಂದ.

"ಗೊತ್ತದ."

"ಶಿಬಿರ ನನ್ನಿಂದ ಹೋಯ್ತು. ಇನ್ಮೇಲೆ ಮುಖ ನೋಡಲ್ಲ ಅಂದ್ರೂ ಸರೀನೇ."

ಅವಳು ತಿರುಗಿ ನೋಡಿದಳು, ನೇರವಾಗಿ, ಇಡೀ ಮುಖವನ್ನು. ಕಣ್ಣಲ್ಲಿ ನೀರಿತ್ತು.

"ಭಾಳ ಸಿಟ್ಟದ ನನಗ ನಿಮ್ಮ ಮ್ಯಾಲ. ಇವತ್ತಿಗೆ ಇಳಿಯೂದಲ್ಲ, ಈ ತಿಂಗಳಿಗೂ ಇಳಿಯೂದಲ್ಲ," ಎಂದಳು. "ಇಳಿಯೂತನಕ ಎಲ್ಲೂ ಹೋಗಬ್ಯಾಡ್ರಿ."

"ಇಳಿದ ಮೇಲೆ?"

"ಆಮ್ಯಾಗೂ."

ಚಕ್ರದವರು ಇನ್ನೂ ದೂರದಲ್ಲಿದ್ದರು. ಅವಳು ಕದಲುವಂತಿರಲಿಲ್ಲ. ಆ ನಾಲ್ಕು ಹೆಜ್ಜೆಯನ್ನು ಮನುವೇ ನಡೆದ.