ಖಾನಾಪುರದ ಲೈನಿನಲ್ಲಿ ಒಂದು ಆಟ

ಪ್ರಮಿಳಾ ಮೊದಲ ದಿನವೇ ನನ್ನನ್ನು ದೆವ್ವ ಅಂದಳು.

ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಅದು ಎರಡು ಸಾವಿರದ ಎರಡನೇ ಇಸವಿ, ಜೂನ್ ತಿಂಗಳು. ನಾನು ಕಲ್ಮೇಶ, ಬೆಳಗಾವಿಯ ಕಾಲೇಜು ರಸ್ತೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ರಿಪೇರಿಯವನು. ಅವಳು ಅದೇ ಕ್ಲಾಸಿನ ಖಾನಾಪುರ ಶಾಖೆಗೆ ಹೊಸದಾಗಿ ಬಂದ ಟೀಚರ್. ಅಲ್ಲಿಯ ಮಷಿನ್ ಕೆಟ್ಟಾಗಲೆಲ್ಲ ನನ್ನನ್ನು ಬಸ್ಸು ಹತ್ತಿಸುವುದು ಬೇಡವೆಂದು ನಮ್ಮ ಮಾಲೀಕರು ತಮ್ಮಣ್ಣ ಸರ್ ಎರಡೂ ಕಡೆ ಮೋಡೆಮ್ ಹಾಕಿಸಿದ್ದರು. ಇಲ್ಲಿಂದ ಫೋನ್ ಹಚ್ಚಿದರೆ ಅಲ್ಲಿಯ ಸ್ಕ್ರೀನು ನನ್ನ ಮುಂದೆ ಬರುತ್ತಿತ್ತು. ನಾನು ಇಲ್ಲಿ ಮೌಸ್ ಆಡಿಸಿದರೆ ಅಲ್ಲಿಯ ಬಾಣ ಓಡುತ್ತಿತ್ತು. ಈ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.

ಬಾಣ ತಾನಾಗಿ ಓಡಿದ್ದನ್ನು ನೋಡಿದವಳೇ ಪ್ಲಗ್ಗು ಕಿತ್ತು ನಮ್ಮ ಆಫೀಸಿಗೆ ಫೋನ್ ಮಾಡಿದಳು.

"ಸರ್, ಈ ಕಂಪ್ಯೂಟರಿಗೆ ದೆವ್ವ ಬಡದೈತ್ರಿ!"

"ದೆವ್ವ ಅಲ್ರಿ, ನಾ ಕಲ್ಮೇಶ. ವೈರಸ್ ತಗ್ಯಾಕ ಬಂದಿದ್ದೆ."

"ಹೇಳಿ ಬರಬೇಕಿಲ್ಲೇನ್ರಿ? ಮಂದಿ ಮನಿಯಾಗ ಹಿಂಗ ನುಗ್ತಾರೇನು?"

ಬೈದು ಮುಗಿಸಿ ತಾನೇ ನಕ್ಕಳು. ನನಗೆ ಆ ನಗು ಹಿಡಿಸಿತು. ಬೈಗುಳವೂ ಹಿಡಿಸಿತು ಅನ್ನಿ.

ಮಧ್ಯಾಹ್ನ ಎರಡರಿಂದ ಎರಡೂವರೆ ಊಟದ ಬಿಡುವು. ಆ ಹೊತ್ತಿಗೆ ನಾನು ಖಾನಾಪುರಕ್ಕೆ ಲೈನ್ ಹಚ್ಚಿ ಹಾಜರಿ ಪಟ್ಟಿ ತೆಗೆದುಕೊಳ್ಳಬೇಕಿತ್ತು. ಅದು ಐದು ನಿಮಿಷದ ಕೆಲಸ, ಉಳಿದ ಇಪ್ಪತ್ತೈದು ನಿಮಿಷ ನಮ್ಮಿಬ್ಬರದು. ಅಲ್ಲಿದ್ದದ್ದು ಒಂದೇ ಟೆಲಿಫೋನು. ಲೈನನ್ನು ಮೋಡೆಮ್ ಹಿಡಿದಿರುವಾಗ ಮಾತಾಡುವ ಹಾಗಿರಲಿಲ್ಲ. ಹಾಗಾಗಿ ಅವಳ ಸ್ಕ್ರೀನಿನ ಎಡಕ್ಕೆ ಆಟ, ಬಲಕ್ಕೆ ನೋಟ್‌ಪ್ಯಾಡ್. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡ ಬರೆದು ಮಾತಾಡುತ್ತಿದ್ದೆವು.

ಆಟವೆಂದರೆ ಮಕ್ಕಳಾಟ. ಮೇಲೆ ಇಟ್ಟಿಗೆಯ ಸಾಲು, ಕೆಳಗೊಂದು ಪಟ್ಟಿ. ಚೆಂಡು ಬಿದ್ದುಹೋಗದಂತೆ ಆ ಪಟ್ಟಿಯನ್ನು ಮೌಸಿನಿಂದ ಅತ್ತಿತ್ತ ಸರಿಸಬೇಕು. ಪಟ್ಟಿ ಒಂದೇ, ಅದನ್ನು ಹಿಡಿದ ಕೈ ಎರಡು. ನಾನು ಎಡಕ್ಕೆ ಎಳೆದರೆ ಅವಳು ಬಲಕ್ಕೆ ಎಳೆಯುತ್ತಿದ್ದಳು. ಅವಳ ಕೈಯ ಜಗ್ಗಾಟ ಇಪ್ಪತ್ತಾರು ಕಿಲೋಮೀಟರ್ ದಾಟಿ ನನ್ನ ಕಣ್ಣಿಗೆ ಬೀಳುತ್ತಿತ್ತು, ನನ್ನ ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು.

ಆದರೆ ಆ ಲೈನಿನ ಹಣೆಬರಹ! ಚೆಂಡು ಅವಳ ಕಡೆ ನೀಟಾಗಿ ಓಡುತ್ತಿತ್ತು, ನನ್ನ ಕಡೆ ಕುಂಟುತ್ತಾ ಬರುತ್ತಿತ್ತು. ಅವಳು "ಎಡಕ್ಕ! ಎಡಕ್ಕ!" ಅಂತ ಬರೆದದ್ದು ನನಗೆ ಕಾಣುವಷ್ಟರಲ್ಲಿ ಚೆಂಡು ಬಿದ್ದು ಎಷ್ಟೋ ಹೊತ್ತಾಗಿರುತ್ತಿತ್ತು.

"ನೀವು ಬೆಳಗಾವಿಯವ್ರು ಭಾಳ ಸಾವಕಾಶ ಬಿಡ್ರಿ," ಅಂತ ಬರೆಯುತ್ತಿದ್ದಳು.

ಗಂಡಸಿಗೆ ಇಷ್ಟು ಅಂದರೆ ಸಾಕಲ್ಲ. ನನಗೆ ಸ್ಪೀಡಿನ ಹುಚ್ಚು ಹಿಡಿಯಿತು. ಸ್ಕ್ರೀನಿನ ಬಣ್ಣಗಳ ಸಂಖ್ಯೆ ಇಳಿಸಿ ಹದಿನಾರಕ್ಕೆ ತಂದೆ. ಸ್ಕ್ರೀನು ಚಿಕ್ಕದು ಮಾಡಿದೆ. ಅವಳು ಹಿನ್ನೆಲೆಗೆ ಹಾಕಿಕೊಂಡಿದ್ದ ಗುಲಾಬಿ ಹೂವಿನ ಚಿತ್ರ ತೆಗೆದುಹಾಕಿದೆ. ಚೆಂಡು ಸ್ವಲ್ಪ ಚುರುಕಾಯಿತು.

"ನನ್ನ ಗುಲಾಬಿ ಎಲ್ಲಿ ಹೋತ್ರಿ?"

"ಲೈನಿಗೆ ಭಾರ ಆಕ್ಕಿತ್ತು, ತಗದೆ."

"ಒಂದ್ ಮಾತ್ ಕೇಳಬೇಕಿಲ್ಲೇನ್ರಿ? ನಿಮಗ ಮಂದಿಗೆ ಹೇಳೂ ಚಟಾನೇ ಇಲ್ಲ."

ಖರೇ ಮಾತು. ಆಗ ನಾನು ಅದನ್ನು ಚೇಷ್ಟೆ ಅಂದುಕೊಂಡೆ.

ತಿಂಗಳಿಗೊಂದು ಶನಿವಾರ ಸರ್ವಿಸಿಂಗ್‌ಗೆ ಖಾನಾಪುರಕ್ಕೆ ಹೋಗುತ್ತಿದ್ದೆ. ಮೊದಲ ಸಲ ಎದುರಾದಾಗ, ನೋಟ್‌ಪ್ಯಾಡಿನಲ್ಲಿ ಅಷ್ಟು ಜೋರಿದ್ದವಳು ಕೀಬೋರ್ಡಿನ ಧೂಳು ಒರೆಸುತ್ತಾ ಕೂತಳು. ಒರೆಸಿದ್ದನ್ನೇ ಒರೆಸಿದಳು. ನಾನು ತಲೆ ತಗ್ಗಿಸಿ ಸ್ಕ್ರೂ ಬಿಚ್ಚುವಾಗ ನನ್ನನ್ನು ನೋಡುವಳು, ನಾನು ತಲೆ ಎತ್ತಿದರೆ ಗೋಡೆಯ ಕ್ಯಾಲೆಂಡರ್ ನೋಡುವಳು. ಮೂಗಿನ ತುದಿಯಲ್ಲಿ ಸಣ್ಣ ಬೆವರು, ತುಟಿಯಲ್ಲಿ ತಡೆದಿಟ್ಟ ನಗು. ಊಟದ ಹೊತ್ತಿಗೆ ಪಾರಿಶ್ವಾಡದ ತನ್ನ ಮನೆಯಿಂದ ತಂದ ರೊಟ್ಟಿಯ ಗಂಟು ಬಿಚ್ಚಿ ನನ್ನ ಕಡೆ ಸರಿಸಿದಳು.

"ತಗೋರಿ. ಇದು ಲೈನಿನ್ಯಾಗ ಬರೂದಿಲ್ಲ."

ರೊಟ್ಟಿ, ಮೇಲೆ ಶೇಂಗಾ ಚಟ್ನಿ, ಬಾಜೂಕೆ ಅವಳು. ನಾನು ಮೂರು ರೊಟ್ಟಿ ತಿಂದೆ. ಅವಳಿಗೆ ಒಂದೇ ಉಳಿಯಿತು, ಅದೂ ನನಗೆ ಗೊತ್ತಾದದ್ದು ಬಸ್ಸಿನಲ್ಲಿ ಕೂತ ಮೇಲೆ.

ಉದ್ಯಮಬಾಗದ ನಮ್ಮ ಮನೆಯಲ್ಲಿ ಅವ್ವ, ಫಕೀರವ್ವ, ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ನಮ್ಮ ಮಂದಿ ಪೈಕಿನೇ ಏನೋ ಹುಡುಗಿ?"

"ಹೌದಬೇ."

"ಹಂಗಾರ ಬೆಡಗ ಯಾವುದಂತ ಕೇಳು. ಒಂದ ಬೆಡಗ ಆದ್ರ ಅಣ್ಣ-ತಂಗಿ ಆಗ್ತೀರಿ. ಬ್ಯಾರೆ ಆದ್ರ ನಾಳೆನೇ ನಾ ಹೋಗಿ ಕೇಳ್ತೀನಿ."

ನಮ್ಮಲ್ಲಿ ಹುಡುಗಿಯ ಬೆಡಗು, ಅಂದರೆ ಗೋತ್ರ, ಕೇಳುವುದೆಂದರೆ ಲಗ್ನದ ಮಾತು ತೆಗೆದಂತೆಯೇ. ಆ ಒಂದು ಪ್ರಶ್ನೆಯನ್ನು ನಾನು ಎರಡು ತಿಂಗಳು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕುಂಟುವ ಲೈನಿನಲ್ಲಿ ಕೇಳಿ, ಉತ್ತರಕ್ಕೆ ಬಾಯಿ ಬಿಟ್ಟುಕೊಂಡು ಕಾಯುವುದು ಬೇಡ ಅನ್ನಿಸಿತು. ಮೊದಲು ಆಟ ಚೊಕ್ಕ ಓಡಲಿ, ಒಂದು ಸಲ ಎಲ್ಲ ಇಟ್ಟಿಗೆ ಒಡೆದು ಗೆಲ್ಲೋಣ, ಗೆದ್ದ ಖುಷಿಯಲ್ಲಿ ಕೇಳೋಣ ಅಂದುಕೊಂಡೆ. ಹುಚ್ಚು ಮುಂಡೇಗಂಡ ನಾನು.

ಸೆಪ್ಟೆಂಬರಿನ ಶನಿವಾರ ಹೋದರೆ ಪ್ರಮಿಳಾ ಇರಲಿಲ್ಲ. ಕಸ ಗುಡಿಸುವ ಸಾತವ್ವ, "ರಜಾ ಹಾಕ್ಯಾರ್ರಿ, ಮನಿಗೆ ಯಾರೋ ಬೀಗರು ಬರ್ತಾರಂತ," ಅಂದಳು. ನಮ್ಮ ಕಡೆ ಯಾವ ನೆಂಟರಿಗೂ ಬೀಗರು ಅಂತಾರೆ, ಹಾಗಾಗಿ ನನಗೇನೂ ಹೊಳೆಯಲಿಲ್ಲ; ಮುಖ ಮಾತ್ರ ಸಪ್ಪಗಾಯಿತು. ಬಂದದ್ದಕ್ಕೆ ಏನಾದರೂ ಆಗಲೆಂದು ಅವಳ ಮಷಿನ್ನಿನ ಮುಂದೆ ಕೂತೆ. ರಿಮೋಟ್ ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ಒಂದು ಸೌಲಭ್ಯವಿತ್ತು: ಇಡೀ ಸ್ಕ್ರೀನ್ ಕಳಿಸುವ ಬದಲು ಒಂದೇ ಕಿಟಕಿಯನ್ನು ಕಳಿಸಬಹುದು. ನಾನು ಆಟದ ಕಿಟಕಿಯೊಂದನ್ನೇ ಆರಿಸಿದೆ. ಇನ್ನು ಮೇಲೆ ನನಗೆ ಆಟ ಮಾತ್ರ ಕಾಣುತ್ತದೆ, ಸುತ್ತ ಎಲ್ಲ ಕಪ್ಪು. ನೋಟ್‌ಪ್ಯಾಡೂ ಕಾಣುವುದಿಲ್ಲ ಅನ್ನುವುದು ಗೊತ್ತಿತ್ತು. ಸೋಮವಾರ ಆಟ ಮುಗಿದ ಮೇಲೆ ಫೋನಿನಲ್ಲಿ ಹೇಳಿದರಾಯಿತು, ಮೊದಲು ಚಕಿತಳಾಗಲಿ ಅಂತ ಸುಮ್ಮನೆ ಎದ್ದುಬಂದೆ.

ಸೋಮವಾರ ಎರಡು ಗಂಟೆಗೆ ಲೈನ್ ಹಚ್ಚಿದೆ. ಆಟ ತೆರೆದೇ ಇತ್ತು. ಏನು ಓಟ ಅಂತೀರಿ! ಚೆಂಡು ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ನಾನು ಕುರ್ಚಿಯಲ್ಲೇ ಕುಣಿದೆ. ಒಂದು ಸಾಲು ಇಟ್ಟಿಗೆ ಒಡೆಯಿತು, ಎರಡನೆಯದೂ ಒಡೆಯಿತು. ಅಷ್ಟರಲ್ಲಿ ಆ ಕಡೆಯಿಂದ ಆಟ ನಿಂತಿತು.

ಯಾರೋ ಹುಡುಗರು ಡೌಟ್ ಕೇಳಲು ಬಂದಿರಬೇಕು ಅಂದುಕೊಂಡೆ. ಎರಡು ನಿಮಿಷ ಕಾದೆ. ಗೆಲ್ಲುವ ಆಟ, ನೋಟ್‌ಪ್ಯಾಡಿನ ನೆನಪೇ ಆಗಲಿಲ್ಲ, ತಡೆಯಲಾಗಲಿಲ್ಲ. ನಾನೇ 'ಮುಂದುವರಿಸು' ಒತ್ತಿದೆ. ಚೆಂಡು ಓಡಿತು.

ಆಟ ಮತ್ತೆ ನಿಂತಿತು. ನಾನು ಮತ್ತೆ ಒತ್ತಿದೆ.

ಮೂರನೇ ಸಲ ಅದು ನಿಲ್ಲಲಿಲ್ಲ. ಪಟ್ಟಿಯನ್ನು ಅತ್ತ ಕಡೆಯಿಂದ ಯಾರೂ ಜಗ್ಗುತ್ತಿರಲಿಲ್ಲ. ನಾನೊಬ್ಬನೇ ಆಡಿದೆ. ಇನ್ನು ನಾಲ್ಕು ಇಟ್ಟಿಗೆ ಇರುವಾಗ ಸಂಪರ್ಕ ಕಡಿದುಹೋಯಿತು. ಲೈನಿಗೆ ಬಾಯಿಗೆ ಬಂದಂತೆ ಬೈದು ತಿರುಗಿ ಹಚ್ಚಿದೆ, ಹತ್ತಲಿಲ್ಲ.

ಮರುದಿನ ಫೋನ್ ಮಾಡಿದರೆ "ಕ್ಲಾಸ್ ಐತ್ರಿ" ಅಂತ ಇಟ್ಟಳು. ಅದರ ಮರುದಿನವೂ ಅಷ್ಟೇ. ಮೂರನೇ ದಿನದಿಂದ ಹಾಜರಿ ಪಟ್ಟಿ ಫ್ಲಾಪಿಯಲ್ಲಿ, ಬಸ್ಸಿನವರ ಕೈಯಲ್ಲಿ ಬರತೊಡಗಿತು. ನನಗೂ ಸಿಟ್ಟು ಬಂತು. ಏನ್ ಕೊಬ್ಬು ಈಕೀದು, ನಾನೇನು ಬೇಡಲು ಕೂತಿಲ್ಲ ಅಂತ ನಾನೂ ಬಿಗಿದುಕೊಂಡೆ. ಆ ನಂಬರಿಗೆ ಲೈನ್ ಹಚ್ಚುವುದನ್ನೇ ಬಿಟ್ಟೆ.

ಹದಿನೈದು ದಿನದ ಮೇಲೆ ಅವಳು ನಮ್ಮ ಆಫೀಸಿಗೆ ಬಂದಳು. ಒಂಟಿಯಾಗಿ, ಹಳದಿ ಸೀರೆಯಲ್ಲಿ. ತಮ್ಮಣ್ಣ ಸರ್ ಅವರ ಟೇಬಲ್ಲಿನ ಮೇಲೆ ಲಗ್ನಪತ್ರಿಕೆ ಇಟ್ಟು, ನನ್ನ ಕಡೆ ಬಂದು ಇನ್ನೊಂದು ಇಟ್ಟಳು. ಅದರ ಮೇಲೆ ಎರಡು ಜೋಡಿ ಹೆಸರಿದ್ದವು. ಪ್ರಮಿಳಾ ಮತ್ತು ಅವಳ ತಂಗಿ ತ್ರಿವೇಣಿ, ಒಂದೇ ಮನೆಯ ಅಣ್ಣ-ತಮ್ಮಂದಿರಿಗೆ.

"ಹೇಳಬಾರದಿತ್ತೇನ್ರಿ?" ಅಂದೆ.

ಅವಳು ನನ್ನನ್ನೇ ನೋಡಿದಳು. ಆ ಕಣ್ಣಿನಲ್ಲಿದ್ದ ಬೆಂಕಿ ಈಗಲೂ ಸುಡುತ್ತದೆ.

"ಹೇಳಲಿಲ್ಲೇನ್ರಿ? ನಾಚಿಕಿ ಬಿಟ್ಟು ಬರದೆ. 'ನನ್ನ ನೋಡಾಕ ಬಂದಿದ್ರು, ಒಪ್ಯಾರ. ಅಪ್ಪ ಇವತ್ತ ಸಂಜಿ ತನಕ ಟೈಮ್ ಕೊಟ್ಟಾನ. ನಿಮ್ಮ ಮನಸಿನ್ಯಾಗ ಏನರ ಇದ್ರ ಹೇಳ್ರಿ, ನಾ ಒಲ್ಲೆ ಅಂತೀನಿ' ಅಂತ ಬರದೆ. ನೀವು ಆಟ ಚಾಲೂ ಮಾಡಿದ್ರಿ. 'ಓದಿದ್ರಿಲ್ಲೋ' ಅಂತ ಬರದೆ. ಮತ್ತ ಚಾಲೂ ಮಾಡಿದ್ರಿ. 'ಆತು, ಆಡ್ರಿ' ಅಂತ ಬರದು ಎದ್ದು ಹೋದೆ. ಸಂಜಿಗೆ ಅಪ್ಪಗ ಹೂಂ ಅಂದೆ."

ಏನು ಹೇಳಲಿ? ಬಾಯಿಂದ ಹೇಳಿದರೆ ನೆಪ ಅನ್ನುತ್ತಾಳೆ.

"ಐದ ಮಿನಿಟ್ ಕುಂದರ್ರಿ," ಅಂದೆ.

ಬಾಜುಬಾಜೂಕೆ ಎರಡು ಮಷಿನ್ ಜೋಡಿಸಿದೆ. ಅವಳ ಮಷಿನ್ನಿಗೆ ಅಂದು ಮಾಡಿದ್ದನ್ನೇ ಒಂದಕ್ಕೆ ಮಾಡಿ, ಅದರಲ್ಲಿ ಆಟ ತೆರೆದು, ಪಕ್ಕಕ್ಕೆ ನೋಟ್‌ಪ್ಯಾಡ್ ಇಟ್ಟು ಅವಳನ್ನು ಅದರ ಮುಂದೆ ಕೂರಿಸಿದೆ. "ಏನರ ಬರೀರಿ. ಬರದು ಈ ಇನ್ನೊಂದರಾಗ ನೋಡ್ರಿ."

ಅವಳು ತನ್ನ ಹೆಸರು ಬರೆದಳು. ಬರೆದದ್ದು ಅವಳ ಮುಂದಿತ್ತು. ಇನ್ನೊಂದು ಸ್ಕ್ರೀನಿನಲ್ಲಿ ಆಟ ಮಾತ್ರ ಇತ್ತು, ಸುತ್ತಲೂ ಕಪ್ಪು. ಅವಳು ಮತ್ತೊಂದು ಸಾಲು ಬರೆದಳು, ಮತ್ತೊಂದು ಬರೆದಳು. ಕಪ್ಪು ಹಾಗೆಯೇ ಇತ್ತು.

"ಆಟ ಜೋರ್ ಓಡ್ಲಿ ಅಂತ ನಾ ಹಿಂಗ ಮಾಡಿದ್ದೆ," ಅಂದೆ. "ನೀವು ರಜಾ ಹಾಕಿದ ಶನಿವಾರ. ನೀವು ಬರದದ್ದು ಒಂದಕ್ಷರ ನನಗ ಕಂಡಿಲ್ಲ, ಪ್ರಮಿಳಾ."

ಅವಳು ಬೆರಳಿನಿಂದ ಆ ಕಪ್ಪನ್ನು ಮುಟ್ಟಿ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದೆವು. ಒಂದು ಬಸ್ಸು ಬಿಟ್ಟಳು, ಎರಡನೆಯದನ್ನೂ ಬಿಟ್ಟಳು.

"ಈಗ ಒಲ್ಲೆ ಅನ್ನಾಕ ಆಗೂದಿಲ್ಲೇನು?" ಕೇಳಿಯೇ ಬಿಟ್ಟೆ.

"ನಾ ಒಲ್ಲೆ ಅಂದ್ರ ತ್ರಿವೇಣೀದೂ ಮುರೀತೈತ್ರಿ. ಎರಡೂ ಒಂದ ಮಾತಿನ್ಯಾಗ ಕೂಡ್ಯಾವು. ಆಕಿ ಆ ಹುಡುಗನ ಮ್ಯಾಲೆ ಜೀವ ಇಟ್ಟಾಳ. ನನಗಾದದ್ದು ಆಕಿಗೆ ಆಗೂದು ಬ್ಯಾಡ."

ಆಮೇಲೆ ಅವಳೇ ಕೇಳಿದಳು.

"ಆವತ್ತ ಓದಿದ್ರ ಏನ್ ಬರೀತಿದ್ರಿ?"

"ಏನೂ ಬರೀತಿದ್ದಿಲ್ಲ. ಲೈನ್ ಕಡದು, ಬಸ್ ಹತ್ತಿ, ಸಂಜಿಯೊಳಗ ನಿಮ್ಮಪ್ಪನ ಮುಂದ ಬಂದು ಕುಂಡ್ರತಿದ್ದೆ."

"ಖರೇ?"

"ಖರೇ. ನೀ ಅಂದ್ರ ನನಗ ಜೀವ ಐತಿ."

ಮೊದಲ ಸಲ 'ನೀ' ಅಂದಿದ್ದೆ. ಅವಳು ಅಳುತ್ತಲೇ ನಕ್ಕಳು, ನಗುತ್ತಲೇ ಮತ್ತೆ ಅತ್ತಳು.

"ಹದಿನೈದ ದಿನ ನಿಮ್ಮನ್ನ ಬೈಕೋಂತ ಮಕ್ಕೊಂಡೀನ್ರಿ. ಇನ್ನ ಬೈಯೂದಿಲ್ಲ. ನನಗ ಇಷ್ಟ ಸಾಕು."

"ನಿನಗ ಸಾಕಾತು. ನಾ ಏನ್ ಮಾಡ್ಲಿ?"

ಖಾನಾಪುರದ ಬಸ್ಸು ಹಾರ್ನ್ ಹೊಡೆಯಿತು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ನೀವು ನನ್ನ ಬೈಯ್ರಿ. ಫೋನ್ ಎತ್ತಿ ಬಾಯಿಂದ ಒಂದ ಮಾತ್ ಕೇಳಬೇಕಿತ್ತು, ಸೊಕ್ಕಿನಾಕಿ, ಕೇಳ್ಲಿಲ್ಲ ಅಂತ ಬೈಯ್ರಿ. ಬೈದ್ರ ಹಗರ ಆಕ್ಕೇತಿ, ನನಗ ಗೊತ್ತೈತಿ. ಲಗ್ನದ ಅಕ್ಕಿಕಾಳಿಗೆ ಮಾತ್ರ ಬರಬ್ಯಾಡ್ರಿ."

ಬಸ್ಸು ಹೊರಟಿತು. ಅವಳು ಕಿಟಕಿಯಿಂದ ನೋಡಲಿಲ್ಲ. ನಾನು ಸ್ಟ್ಯಾಂಡಿನಲ್ಲೇ ನಿಂತು, ಅವಳು ಹೇಳಿಕೊಟ್ಟಂತೆ ಬೈಯಲು ನೋಡಿದೆ. ಎಷ್ಟು ಹೊತ್ತು ನಿಂತರೂ ಒಂದು ಬೈಗುಳವೂ ಬಾಯಿಗೆ ಬರಲಿಲ್ಲ.